ಮೈನಸ್ 80ರ ಡಬ್ಬಿಯಲ್ಲಿ ಯಾರದು ಎಲ್ಲಿದೆ?

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಸಂಶೋಧನೆಗೆ ಇಡುವ ಮಾದರಿಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯಿಂದ ಪರೀಕ್ಷೆಗೆ ಬೇಕಾದಷ್ಟು ಪೆಥಾಲಜಿಗೆ ಹೋಗುತ್ತದೆ. ಉಳಿದದ್ದನ್ನು, ರೋಗಿ ಒಪ್ಪಿದ್ದರೆ ಮಾತ್ರ, ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇಡುತ್ತೇವೆ. ಜೊತೆಗೆ ಅವರ ರಕ್ತವೂ ಇರುತ್ತದೆ. ನಮ್ಮಲ್ಲಿ ಬಾಯಿ ಕ್ಯಾನ್ಸರ್‌ನವೇ ಜಾಸ್ತಿ. ಗುಟ್ಕಾ, ತಂಬಾಕು, ಸುಣ್ಣ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಎಲ್ಲವೂ ಎಕ್ಸೆಲ್‌ನಲ್ಲಿತ್ತು. ಒಂದು ಮೇ ತಿಂಗಳ ಮಧ್ಯಾಹ್ನ ಒಬ್ಬ ಸಂಶೋಧಕರು ಬಂದು, ಒಬ್ಬೊಬ್ಬ ರೋಗಿಯ ಗಡ್ಡೆ ಮತ್ತು ರಕ್ತ ಎರಡೂ ಇರುವ ಹತ್ತು ಜೋಡಿ ಬೇಕು ಅಂದರು. ಶೀಟ್ ಪ್ರಕಾರ ಇದ್ದವು. ಫ್ರೀಜರ್ ತೆಗೆದರೆ ಡಬ್ಬಿಯ ತಳದಲ್ಲಿ ಕಾಗದದ ಲೇಬಲ್‌ಗಳು ಉದುರಿ ಬಿದ್ದಿದ್ದವು. ಟ್ಯೂಬ್‌ಗಳ ಮೇಲೆ ಬರೀ ಹಿಮ. ಹುಡುಕುತ್ತಾ ಹುಡುಕುತ್ತಾ ಬಾಗಿಲು ಎಷ್ಟು ಸಲ ತೆಗೆದು ಮುಚ್ಚಿದೆವೋ, ಅಲಾರಂ ಹೊಡೆದುಕೊಳ್ಳತೊಡಗಿತು. ಕೊನೆಗೆ ಸಿಕ್ಕಿದ್ದು ನಾಲ್ಕು ಜೋಡಿ. ಉಳಿದವು ಅಲ್ಲೇ ಇದ್ದವು, ಆದರೆ ಯಾರವು ಅಂತ ಹೇಳಲು ಆಗಲಿಲ್ಲ. ಯಾರದು ಅಂತ ಗೊತ್ತಿಲ್ಲದ ತುಣುಕಿನಿಂದ ಯಾವ ಸಂಶೋಧನೆ ಮಾಡೋಣ? ಕೊಟ್ಟವರು ನಂಬಿ ಕೊಟ್ಟಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಾಫ್ಟ್‌ವೇರ್ ಹುಡುಕಿದ್ದು ಅದಾದ ಮೇಲೆ. ನಾವು ಆರಿಸಿದ್ದು ಓಪನ್‌ಸ್ಪೆಸಿಮೆನ್. ಇದರ ಮೂಲ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಯೋಜನೆಯಲ್ಲಿ ಹುಟ್ಟಿದ ಕಾಟಿಶ್ಯೂ ಅನ್ನುವ ಸಾಫ್ಟ್‌ವೇರ್. ಈಗ ಬೆಳೆಸುತ್ತಿರುವುದು ಪುಣೆಯ ಕೃಷಾಗ್ನಿ ಕಂಪನಿ. ಓಪನ್ ಸೋರ್ಸ್ ಆವೃತ್ತಿ ಉಚಿತವಾಗಿ ಸಿಗುತ್ತದೆ. ಆಸ್ಪತ್ರೆಯ ಒಳಗೇ ಒಂದು ಸರ್ವರ್‌ನಲ್ಲಿ ಹಾಕಿಕೊಂಡೆವು. ಇಂಟರ್ನೆಟ್ ಹೋದರೂ ಕೆಲಸ ನಡೆಯುತ್ತದೆ. ಕರೆಂಟ್‌ಗೆ ಯುಪಿಎಸ್ ಇದೆ. ಪ್ರತಿ ರಾತ್ರಿ ಬ್ಯಾಕಪ್ ಬೇರೆ ಕಟ್ಟಡದ ಯಂತ್ರಕ್ಕೆ ಹೋಗುತ್ತದೆ.

ಹಾಕಿದ ದಿನವೇ ಮಾಹಿತಿ ತುಂಬಲು ಕೂರಲಿಲ್ಲ. ಮೊದಲು ಒಂದು ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದೆವು. ರೋಗಿ ಯಾವಾಗ ಬರುತ್ತಾರೆ, ಯಾವ ಭೇಟಿಯಲ್ಲಿ ಏನು ತೆಗೆಯುತ್ತೇವೆ, ಅದರಿಂದ ಎಷ್ಟು ಟ್ಯೂಬ್ ಆಗುತ್ತದೆ. ಆಪರೇಷನ್‌ಗೆ ಮುಂಚೆ ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಒಂದು ಟ್ಯೂಬ್ ರಕ್ತ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಮೇಲೆ ಪ್ಲಾಸ್ಮಾ ಅನ್ನುವ ತಿಳಿ ದ್ರವ, ಅದರ ಕೆಳಗೆ ಬಫಿ ಕೋಟ್, ಅಂದರೆ ಬಿಳಿ ರಕ್ತಕಣಗಳ ತೆಳು ಪದರ. ಪ್ಲಾಸ್ಮಾವನ್ನು ನಾಲ್ಕು ಸಣ್ಣ ಟ್ಯೂಬ್‌ಗೆ ಹಂಚುತ್ತೇವೆ. ಇದೇ ಸರಣಿಯನ್ನು ಸಾಫ್ಟ್‌ವೇರ್‌ನಲ್ಲಿ 'ಕಲೆಕ್ಷನ್ ಪ್ರೋಟೋಕಾಲ್' ಅನ್ನುತ್ತಾರೆ. ತಾಯಿ ಮಾದರಿ, ಅದರಿಂದ ಹುಟ್ಟಿದ ಮಕ್ಕಳು, ಒಂದು ವಂಶವೃಕ್ಷದ ಹಾಗೆ ತೆರೆಯ ಮೇಲೆ ಕಾಣುತ್ತದೆ. ಚಿತ್ರ ಸರಿಯಾಗಿದ್ದರೆ ಮುಂದಿನದು ಸಲೀಸು. ಈ ಹಾಳೆಗೆ ನಾವು ಮೂರು ವಾರ ಕೊಟ್ಟೆವು. ಆ ಮೂರು ವಾರ ಒಂದು ಗಂಟೆಯೂ ವ್ಯರ್ಥ ಅಂತ ನನಗೆ ಅನಿಸಿಲ್ಲ.

ಹಳೆಯ ಎಕ್ಸೆಲ್ ತೊಳೆಯುವುದೇ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದಿತು. 'ಬಿಎಂ' ಅಂತ ಒಂದು ಕಾಲಂನಲ್ಲಿತ್ತು. ಒಬ್ಬರು ಬರೆದದ್ದು ಬಕ್ಕಲ್ ಮ್ಯೂಕೋಸಾ, ಅಂದರೆ ಕೆನ್ನೆಯ ಒಳಪದರ. ಇನ್ನೊಬ್ಬರು ಬರೆದದ್ದು ಬೋನ್ ಮ್ಯಾರೋ, ಅಂದರೆ ಮೂಳೆಯ ಮಜ್ಜೆ. ಕೇಸ್ ಶೀಟ್ ತೆಗೆದು ಒಂದೊಂದನ್ನೂ ನೋಡಿ ತಿದ್ದಬೇಕಾಯಿತು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಡಬ್ಬಿಯಲ್ಲಿ ಮೂರನೇ ಸಾಲು ಐದನೇ ಖಾನೆ ಅನ್ನುವುದನ್ನು '3-5' ಅಂತ ಟೈಪ್ ಮಾಡಿದ್ದರು. ಎಕ್ಸೆಲ್ ಅದನ್ನು ತಾರೀಖು ಅಂತ ತಿಳಿದು ಬದಲಾಯಿಸಿಬಿಟ್ಟಿತ್ತು. ಮೇ 3 ಅಂತ ಕಾಣುವ ಖಾನೆಗಳು ಸಾಲಾಗಿ ಇದ್ದವು. ಯಾವ ಕಂಪ್ಯೂಟರ್‌ನಲ್ಲಿ ದಿನ ಮೊದಲು, ಯಾವುದರಲ್ಲಿ ತಿಂಗಳು ಮೊದಲು ಅನ್ನುವುದರ ಮೇಲೆ ಅದು 3-5 ಇರಬಹುದು, 5-3 ಕೂಡ ಇರಬಹುದು. ಈಗ ನಮ್ಮ ಡಬ್ಬಿಗಳಲ್ಲಿ ಅಡ್ಡ ಸಾಲಿಗೆ ಅಕ್ಷರ, ಉದ್ದ ಕಾಲಂಗೆ ಅಂಕಿ. 9 ಸಾಲು, 9 ಕಾಲಂ, 81 ಖಾನೆ. ಸಿ4 ಅಂದರೆ ಸಿ4, ಬೇರೆ ಅರ್ಥವೇ ಇಲ್ಲ.

ಹೆಸರಿನ ವಿಷಯ ಬೇರೆ ಊರಿನವರಿಗೆ ಅಷ್ಟು ಅರ್ಥವಾಗುವುದಿಲ್ಲ. ಶರಣಬಸವೇಶ್ವರರ ಊರಿದು, ಬಂದೇ ನವಾಜರ ಊರಿದು. ಒಂದೇ ದಿನದ ಓಪಿಡಿಯಲ್ಲಿ ಮೂವರು ಶರಣಪ್ಪ, ಇಬ್ಬರು ಖಾಜಾಸಾಬ್ ಸಿಗುತ್ತಾರೆ. ಶರಣಬಸಪ್ಪ ಅನ್ನುವ ಒಂದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಮೂರು ಥರ ಬರೆಯುತ್ತಾರೆ. ಊರು ಕೇಳಿ ಬಿಡಿಸೋಣ ಅಂದರೆ, ಒಂದೇ ಹೆಸರಿನ ಎರಡು ಹಳ್ಳಿ ಅಕ್ಕಪಕ್ಕ ಇರುತ್ತವೆ. ಒಂದರ ಕೊನೆಗೆ ಕೆ, ಇನ್ನೊಂದಕ್ಕೆ ಬಿ. ಖುರ್ದ್ ಅಂದರೆ ಸಣ್ಣದು, ಬುದ್ರುಕ್ ಅಂದರೆ ದೊಡ್ಡದು. ಬರೆಯುವಾಗ ಆ ಒಂದಕ್ಷರ ಬಿಟ್ಟೇ ಬಿಡುತ್ತಾರೆ. ಹುಟ್ಟಿದ ತಾರೀಖು ಕೇಳಿದರೆ ವಯಸ್ಸಾದ ಎಷ್ಟೋ ಜನರ ಆಧಾರ್‌ನಲ್ಲಿ ಜನವರಿ 1. ಫೋನ್ ನಂಬರ್ ಮಗನದೋ ಪಕ್ಕದ ಮನೆಯವರದೋ. ಓಪಿಡಿ ಚೀಟಿ ಕಳೆದರೆ ಹೊಸ ಚೀಟಿ, ಹೊಸ ನಂಬರ್. ಹೀಗೆ ಯಾದಗಿರಿಯ ಒಬ್ಬ ಹಿರಿಯರು ನಮ್ಮ ಲೆಕ್ಕದಲ್ಲಿ ಇಬ್ಬರಾಗಿದ್ದರು. ಗಡ್ಡೆ ಒಬ್ಬರ ಹೆಸರಲ್ಲಿ, ರಕ್ತ ಇನ್ನೊಬ್ಬರ ಹೆಸರಲ್ಲಿ.

ಈಗ ಹೊಸಬರನ್ನು ಸೇರಿಸುವ ಮುಂಚೆ ಎದುರಿಗೆ ಕೂರಿಸಿಕೊಂಡು ಕೇಳುತ್ತೇವೆ. ತಂದೆ ಅಥವಾ ಗಂಡನ ಹೆಸರು, ಹಳ್ಳಿ, ತಾಲೂಕು, ಹಿಂದೆ ಎಂದಾದರೂ ಇಲ್ಲಿಗೆ ಬಂದಿದ್ದಿರಾ? ಚೀಲದಲ್ಲಿರುವ ಹಳೆಯ ಚೀಟಿಗಳನ್ನೆಲ್ಲ ತೋರಿಸಲು ಹೇಳುತ್ತೇವೆ. ಆಮೇಲೆ ಸಾಫ್ಟ್‌ವೇರ್ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಟ್ಯೂಬ್ ಮೇಲೆ ಅದೊಂದೇ ಇರುತ್ತದೆ, ಹೆಸರು ಇರುವುದಿಲ್ಲ. ಹೆಸರು ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಅನ್ನುವುದನ್ನೂ ಸಾಫ್ಟ್‌ವೇರ್‌ನಲ್ಲೇ ಕಟ್ಟಿಹಾಕಿದ್ದೇವೆ.

ಲೇಬಲ್ ಬಗ್ಗೆ ಎರಡೇ ಮಾತು. ಕಡುಚಳಿಗೆಂದೇ ಮಾಡಿದ ಲೇಬಲ್, ಅದರ ಮೇಲೆ ಅಚ್ಚು ಹಾಕಲು ಪ್ರಿಂಟರ್‌ಗೆ ರೆಸಿನ್ ರಿಬ್ಬನ್. ಅಂಟಿಸುವುದು ಟ್ಯೂಬ್ ಒಣಗಿರುವಾಗ, ಫ್ರೀಜರ್‌ಗೆ ಹೋಗುವ ಮುಂಚೆ. ಹಿಮ ಕಟ್ಟಿದ ಟ್ಯೂಬ್ ಮೇಲೆ ಯಾವುದೂ ನಿಲ್ಲುವುದಿಲ್ಲ.

ನಾನು ತುಂಬಾ ಹಟ ಹಿಡಿದದ್ದು ಸಮಯದ ವಿಷಯದಲ್ಲಿ. ಗಡ್ಡೆ ದೇಹದಿಂದ ಹೊರಬಂದ ಗಳಿಗೆಯಿಂದ ಅದು ಹೆಪ್ಪುಗಟ್ಟುವವರೆಗಿನ ಹೊತ್ತು ಬಹಳ ಮುಖ್ಯ. ರಕ್ತ ಸಂಚಾರ ನಿಂತ ಜೀವಕೋಶದಲ್ಲಿ ಆರ್‌ಎನ್‌ಎ ಒಡೆಯತೊಡಗುತ್ತದೆ, ಪ್ರೋಟೀನ್‌ಗಳು ಬದಲಾಗುತ್ತವೆ. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಪರೀಕ್ಷೆಗೆ ಕೂಡ ತುಣುಕನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ, ಅಂದರೆ ಕೆಡದಂತೆ ಇಡುವ ದ್ರಾವಣಕ್ಕೆ ಹಾಕಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು ಅಂತ ನಿಯಮವಿದೆ. ನಮ್ಮ ಹಳೆಯ ಶೀಟ್‌ನಲ್ಲಿ ಎಲ್ಲ ಸಮಯಗಳೂ 10:00, 10:30, 11:00. ಸಂಜೆ ಕೂತು ನೆನಪಿನಿಂದ ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕೆ ಥಿಯೇಟರ್ ಬಾಗಿಲ ಹತ್ತಿರ ಒಂದು ಟ್ಯಾಬ್ ಮತ್ತು ಒಂದು ಗೋಡೆ ಗಡಿಯಾರ ಇಟ್ಟೆವು. ಟ್ಯಾಬ್‌ನ ಸಮಯಕ್ಕೆ ಗಡಿಯಾರ ಹೊಂದಿಸುವುದು ಪ್ರತಿ ಸೋಮವಾರದ ಕೆಲಸ. ಸಿಸ್ಟರ್ ಒಬ್ಬರು ಮೊದಲ ವಾರ, 'ನಮಗ ಕೈ ತುಂಬ ಕೆಲಸ ಅದರೀ ಮೇಡಂ, ಇದೊಂದು ಎಲ್ಲಿಂದ ತಂದ್ರಿ?' ಅಂದರು. ಅವರು ಹೇಳಿದ್ದು ನಿಜ. ತುಂಬಬೇಕಾದ ಹದಿನಾಲ್ಕು ಜಾಗಗಳನ್ನು ಮೂರಕ್ಕೆ ಇಳಿಸಿದೆ. ಯಾರದು, ದೇಹದ ಯಾವ ಜಾಗದ್ದು, ಎಷ್ಟು ಹೊತ್ತಿಗೆ. ಉಳಿದದ್ದನ್ನು ಲ್ಯಾಬ್‌ನಲ್ಲಿ ನಾವು ತುಂಬುತ್ತೇವೆ. ಈಗ ಸಮಯಗಳು 10:07, 11:42 ಅಂತ ಬರುತ್ತವೆ. ಅದನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಒಪ್ಪಿಗೆ ಪತ್ರ ಕನ್ನಡ, ಉರ್ದು, ತೆಲುಗು, ಮರಾಠಿಯಲ್ಲಿದೆ. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳುತ್ತೇವೆ. ಈ ಅಧ್ಯಯನಕ್ಕೆ ಮಾತ್ರವೋ, ಮುಂದಿನ ಕ್ಯಾನ್ಸರ್ ಸಂಶೋಧನೆಗೂ ಬಳಸಬಹುದೋ, ಹೊರಗಿನ ಸಂಸ್ಥೆಗೆ ಕಳಿಸಬಹುದೋ, ಒಂದೊಂದಕ್ಕೂ ಬೇರೆ ಉತ್ತರ. ಮೂರನ್ನೂ ಸಾಫ್ಟ್‌ವೇರ್‌ನಲ್ಲಿ ದಾಖಲಿಸುತ್ತೇವೆ. ಯಾರಾದರೂ ಮಾದರಿ ಕೇಳಿದಾಗ ಮೊದಲು ಶೋಧಿಸುವುದು ಇದನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಪ್ರಕಾರ ಮಾದರಿಯ ಒಡೆತನ ಕೊಟ್ಟವರದ್ದು, ನಾವು ಬರೀ ಕಾಯುವವರು. ಬೇಡ ಅಂದರೆ ವಾಪಸ್ ತೆಗೆದುಕೊಳ್ಳುವ ಹಕ್ಕೂ ಅವರಿಗಿದೆ.

ಆಳಂದ ಕಡೆಯ ಒಬ್ಬ ಅಜ್ಜಿ ಮೂರನೇ ಸಲ ತೋರಿಸಲು ಬಂದಾಗ ನಮ್ಮ ಕೋಣೆಗೆ ಬಂದರು. 'ತಂಗೀ, ನಂದು ತುಣುಕು ಇಟ್ಟೀನಿ ಅಂದಿದ್ದಿ. ಎಲ್ಲಿ ಅದ ಅದು?' ಕೇಳಿದವರು ಅವರೇ ಮೊದಲು. ಅವರ ಕಾರ್ಡ್ ಸ್ಕ್ಯಾನ್ ಮಾಡಿದೆ. ಐದು ಟ್ಯೂಬ್. ತೆರೆಯ ಮೇಲೆ ಡಬ್ಬಿಯ ಚೌಕಗಳು, ಅದರಲ್ಲಿ ಅವರ ಗಡ್ಡೆಯ ತುಣುಕಿನ ಖಾನೆ ಎದ್ದು ಕಾಣುತ್ತಿತ್ತು. ಫ್ರೀಜರ್ 1, ರ‍್ಯಾಕ್ 3, ಡಬ್ಬಿ 7, ಸಿ4. 'ಇಲ್ಲಿ ಅದರೀ ಆಯೀ' ಅಂತ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. 'ಪಕ್ಕದ ಮನ್ಯಾಗ ಯಾರು ಅದಾರ?' ಅಂತ ಕೇಳಿದರು. ಅದನ್ನು ಹೇಳುವ ಹಾಗಿಲ್ಲ ಆಯೀ, ನಿಮ್ಮದನ್ನೂ ಅವರಿಗೆ ಹೇಳಂಗಿಲ್ಲ ಅಂದೆ. 'ಹಂಗಾರ ಛಲೋ ಆತು' ಅಂತ ಸೆರಗು ಸರಿಮಾಡಿಕೊಂಡು ಔಷಧಿ ಕೌಂಟರ್ ಕಡೆ ಹೋದರು.