ಶೀರ್ಷಿಕೆಯಿಂದ ‘ಒಂದು ಅಧ್ಯಯನ’ ತೆಗೆದುಬಿಡಿ: ಎಂ.ಎ. ಪ್ರಬಂಧ ಬರೆಯುವವರಿಗೆ

ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಬಂಧ ಬರೆಯಬೇಕು ಅಂದ ಕೂಡಲೇ ನಮ್ಮಲ್ಲಿ ಮೊದಲು ಹುಟ್ಟುವುದು ಶೀರ್ಷಿಕೆ. ‘ಕರ್ನಾಟಕದಲ್ಲಿ ಮಹಿಳಾ ಸಬಲೀಕರಣ: ಒಂದು ಅಧ್ಯಯನ’. ವಿಭಾಗದ ಲೈಬ್ರರಿಯ ಬೀರು ತೆಗೆದು ನೋಡಿ, ಇಂಥವು ಸಾಲಾಗಿ ಕೂತಿರುತ್ತವೆ. ನನ್ನದೂ ಹಾಗೇ ಶುರುವಾಗಿತ್ತು. ಗೈಡ್ ಮೇಡಂ ‘ಕರ್ನಾಟಕದಲ್ಲಿ’ ಅನ್ನುವ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, “31 ಜಿಲ್ಲೆಗೂ ಹೋಗ್ತೀಯೇನಮ್ಮಾ?” ಅಂದರು.

ಹಾಗಾಗಿ ಶೀರ್ಷಿಕೆ ಬಿಡಿ, ಪ್ರಶ್ನೆ ಹುಡುಕಿ. ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರದಲ್ಲಿ ಉತ್ತರ ಸಿಗುವಂಥ ಪ್ರಶ್ನೆ. ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಂದು ಶುರುವಾಯಿತು, ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ‘ಶಕ್ತಿ ಯೋಜನೆಯ ಪರಿಣಾಮ’ ಅಂದರೆ ಮುಗಿಯದ ಸಮುದ್ರ. ‘ನಮ್ಮ ತಾಲ್ಲೂಕಿನ ಎರಡು ಊರಿನ ಹೆಂಗಸರು ದುಡಿಯೋಕೆ ಎಷ್ಟು ದೂರ ಹೋಗಿಬರುತ್ತಾರೆ, ಯೋಜನೆ ಬಂದ ಮೇಲೆ ಅದು ಬದಲಾಯಿತಾ?’ ಅಂದರೆ ಕೈಗೆ ಸಿಗುತ್ತದೆ. ಒಂದು ಊರಿಗೆ ಸರ್ಕಾರಿ ಬಸ್ಸು ಗಂಟೆಗೊಂದು ಬರಲಿ, ಇನ್ನೊಂದಕ್ಕೆ ಬರೀ ಖಾಸಗಿ ಬಸ್ಸು ಇರಲಿ. ಕರಾವಳಿಯ ಕಡೆಯವರಾದರೆ ಎರಡನೆಯದನ್ನು ಹುಡುಕೋದು ಕಷ್ಟವೇ ಇಲ್ಲ. ಈ ಹೋಲಿಕೆ ಇಲ್ಲದಿದ್ದರೆ ಕಂಡ ಬದಲಾವಣೆಯನ್ನೆಲ್ಲ ಯೋಜನೆಯ ತಲೆಗೆ ಕಟ್ಟಿಬಿಡುತ್ತೀರಿ. ಅದೇ ಹೊತ್ತಿಗೆ ಊರ ಪಕ್ಕ ಒಂದು ಗಾರ್ಮೆಂಟ್ಸ್ ಶುರುವಾಗಿದ್ದರೆ?

ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪರೇಷೆ, ಒಪ್ಪಿಗೆಯಾದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಡಿಪೋದಿಂದ ಆ ಊರುಗಳಿಗೆ ಎಷ್ಟು ಟ್ರಿಪ್ ಇದೆ, ಮೊದಲು ಎಷ್ಟಿತ್ತು ಎಂದು ಕೇಳಿ ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಕಾನೂನಿನಲ್ಲಿ 30 ದಿನ. ನಾಲ್ಕು ತಿಂಗಳ ಕೆಲಸದಲ್ಲಿ ಒಂದು ತಿಂಗಳು ಅಲ್ಲೇ ಹೋಯಿತಲ್ವಾ, ಅದಕ್ಕೇ ಮೊದಲ ದಿನ. ಕಾಯುವ ಹೊತ್ತಿನಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧ ಸಿಗುವ ಶೋಧಗಂಗಾ ವೆಬ್‌ಸೈಟ್ ತೆಗೆದು ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕೈದು ಪಿಎಚ್‌ಡಿ ಪ್ರಬಂಧ ನೋಡಿ. ಪೂರ್ತಿ ಓದಬೇಡಿ. ಕೊನೆಯ ಅಧ್ಯಾಯ ಮತ್ತು ಗ್ರಂಥಸೂಚಿ ಸಾಕು, ಉಳಿದದ್ದು ಬೇಕಾದಾಗ. ಓದಿದ್ದರ ಪುಟ ಸಂಖ್ಯೆ ಅವತ್ತೇ ಬರೆದಿಡಿ. ಆಮೇಲೆ ಹುಡುಕ್ತೀನಿ ಅಂದವರು ಯಾರೂ ಹುಡುಕಿದ್ದು ನಾನು ನೋಡಿಲ್ಲ.

ಇನ್ನು ಪ್ರಶ್ನಾವಳಿ. ಜಾಸ್ತಿ ಜನ ಕೆಡುವುದು ಇಲ್ಲೇ. ‘ಈ ಯೋಜನೆಯಿಂದ ನಿಮಗೆ ಅನುಕೂಲವಾಗಿದೆಯೇ?’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಮನೆಗೆ ಬಂದವರಿಗೆ ಇಲ್ಲ ಅನ್ನೋಕಾಗುತ್ತದಾ? ನೀವು ಅದಕ್ಕೊಂದು ಬಣ್ಣದ ಪೈ ಚಾರ್ಟ್ ಹಾಕುತ್ತೀರಿ, ಅದರಿಂದ ಏನೂ ತಿಳಿಯುವುದಿಲ್ಲ. ‘ಹೋದ ವಾರ ಎಷ್ಟು ಸಲ ಬಸ್ಸು ಹತ್ತಿದಿರಿ? ಎಲ್ಲಿಗೆ? ಜೊತೆಗೆ ಯಾರಿದ್ದರು?’ ಎಂದು ಕೇಳಿ. ವರ್ಷಗಳ ಹಿಂದಿನದು ಬೇಕಾದರೆ ‘ಮಗ ಎಷ್ಟನೇ ಕ್ಲಾಸಲ್ಲಿದ್ದಾಗ?’ ಅಂತ ಗುರುತು ಹಿಡಿಸಿ, ತಾರೀಖು ಯಾರಿಗೂ ನೆನಪಿರುವುದಿಲ್ಲ. ಮೊದಲು ಐದು ಜನರ ಹತ್ತಿರ ಕೇಳಿ ನೋಡಿ, ಅರ್ಥವಾಗದ ಪ್ರಶ್ನೆ ಹೊಡೆದುಹಾಕಿ. ಮತ್ತೊಂದು, ಜಗಲಿಯಲ್ಲಿ ಅತ್ತೆ ಕೂತಿರುವಾಗ ಸೊಸೆ ಹೇಳುವ ಮಾತೇ ಬೇರೆ, ಬಸ್ ಸ್ಟಾಪಿನಲ್ಲಿ ಕಾಯುತ್ತಾ ನಿಂತಾಗ ಹೇಳುವ ಮಾತೇ ಬೇರೆ. ಎಲ್ಲಿ ಕೇಳಿದಿರಿ ಅನ್ನುವುದನ್ನೂ ಬರೆದುಕೊಳ್ಳಿ. ಉತ್ತರ ಕೊಟ್ಟವರ ಹೆಸರು ಹಾಕಬೇಡಿ, ಅದರ ಬದಲು ಒಂದು ಅಂಕಿ ಹಾಕಿ. ಊರಿನ ಜನಸಂಖ್ಯೆಗೆ 2011ರ ಜನಗಣತಿ ಬಳಸಿದರೆ 2011 ಅಂತಲೇ ಬರೆಯಿರಿ, ‘ಪ್ರಸ್ತುತ’ ಅನ್ನಬೇಡಿ.

ಬರೆಯುವಾಗ ಪೀಠಿಕೆಯಿಂದ ಶುರು ಮಾಡಬೇಡಿ. ಮಹಿಳೆಯರ ಸ್ಥಾನಮಾನ ವೇದಕಾಲದಿಂದ ಅಂತ ಶುರುವಾಗಿ ಇಪ್ಪತ್ತು ಪುಟ ಸುಮ್ನೆ ಹೋಗುತ್ತದೆ. ಊರಿಂದ ಬಂದ ಸಂಜೆಯೇ ಕಂಡದ್ದನ್ನು ಎರಡು ಪುಟ ಗೀಚಿ. ಪ್ರಬಂಧದ ನಡುವಿನ ಅಧ್ಯಾಯ ಬೆಳೆಯುವುದು ಅದರಿಂದಲೇ. ಪೀಠಿಕೆ ಕೊನೆಗೆ.

ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದ ಫೈಲು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣಲಿಕ್ಕಿಲ್ಲ. ನನ್ನ ಮೂರನೇ ಅಧ್ಯಾಯ ಹಾಗೇ ಆಗಿ, ಒಂದು ರಾತ್ರಿಯಿಡೀ ಒತ್ತಕ್ಷರ ತಿದ್ದುತ್ತಾ ಕೂತಿದ್ದೆ. ನಕಲಿನ ವಿಚಾರದಲ್ಲಿ ಯುಜಿಸಿಯ 2018ರ ನಿಯಮ ನೋಡಿ. ಬೇರೆಯವರ ಬರಹದ ಜೊತೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡ ಇಲ್ಲ, ಅದನ್ನು ದಾಟಿ 40ರೊಳಗಿದ್ದರೆ ತಿದ್ದಿ ಮತ್ತೆ ಕೊಡಬೇಕು. ಮಿತಿಯೊಳಗೆ ಬಂತು ಅಂದರೆ ಪ್ರಬಂಧ ಚೆನ್ನಾಗಿದೆ ಅಂತಲ್ಲ.

ಪೂರ್ತಿ ಕರಡನ್ನು ಬೈಂಡಿಂಗಿಗೆ ಮೂರು ವಾರ ಮುಂಚೆಯಾದರೂ ಗೈಡ್ ಕೈಗಿಡಿ. ಅವರ ಮೇಜಿನ ಮೇಲೆ ಇನ್ನೂ ಎಂಟು ಪ್ರಬಂಧ ಇರುತ್ತವೆ. ವೈವಾದಲ್ಲಿ ನನ್ನನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ, “ಈ ಎರಡು ಊರೇ ಯಾಕೆ?” ಅದಕ್ಕೆ ಹತ್ತು ನಿಮಿಷ ಮಾತಾಡಿದೆ. ಕೊನೆಗೆ ಅವರೇ ಸಾಕಮ್ಮಾ ಅಂದರು.