ಬುಸಾನಿನ ಹಳೆ ಬೀದಿಗಳನ್ನು ಜಾಹೀರಾತಿನಲ್ಲಿ ಹುಡುಕಿದೆ

ದಕ್ಷಿಣ ಕೊರಿಯಾದ ಬಂದರು ನಗರ ಬುಸಾನಿನ ಗ್ವಾಂಗ್‌ಬೋಕ್ ಬೀದಿಯಲ್ಲಿ 1930ರ ದಶಕದಲ್ಲಿ ಯಾವ ಅಂಗಡಿ ಎಲ್ಲಿತ್ತು ಅಂತ ನಕ್ಷೆ ಮಾಡೋಣ ಎಂದು ಕೂತೆ. ಕೊರಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಅಲ್ಲಿ ಗ್ವಾಂಗ್‌ಬೋಕ್ ಎಂದು ಹುಡುಕಿದರೆ ನನಗೆ ಬೇಕಾದ ಬೀದಿ ಸಿಗಲೇ ಇಲ್ಲ.

ಸಿಗುವುದಾದರೂ ಹೇಗೆ? ಗ್ವಾಂಗ್‌ಬೋಕ್ ಅಂದರೆ ಬೆಳಕು ಮರಳಿ ಬಂದದ್ದು, ಅಂದರೆ ಸ್ವಾತಂತ್ರ್ಯ. ಜಪಾನಿನ ಆಳ್ವಿಕೆ ಮುಗಿದ ಮೇಲೆ, 1947ರಲ್ಲಿ ಇಟ್ಟ ಹೆಸರು ಅದು. ಅದಕ್ಕೂ ಮುಂಚೆ ಆ ಬೀದಿ ಬೆಂತೆನ್‌ಚೋ. ಬೆಂತೆನ್ ಜಪಾನೀಯರ ದೇವಿ, ಕೈಯಲ್ಲಿ ತಂತಿವಾದ್ಯ ಹಿಡಿದವಳು. ಮೂಲದಲ್ಲಿ ನಮ್ಮ ಸರಸ್ವತಿಯೇ. ಇದು ತಿಳಿದ ದಿನ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಪರರ ಆಳ್ವಿಕೆಯಲ್ಲಿ ಪರದೇಶದ ಬೀದಿಗೆ ಅಂಟಿಸಿದ ಹೆಸರಿನೊಳಗೆ ನಮ್ಮ ಮನೆ ದೇವರು!

ಬೆಂತೆನ್‌ಚೋ ಎಂದು ಹಾಕಿದರೂ ಮೊದಲು ಬೆರಳೆಣಿಕೆಯಷ್ಟೇ ಸಿಕ್ಕಿತು. ಈ ಹೆಸರನ್ನು ಚೀನೀ ಅಕ್ಷರಗಳಲ್ಲಿ ಬರೆಯುತ್ತಾರೆ, ನಾನು ಅದರ ಇವತ್ತಿನ ಸರಳ ರೂಪ ಬಳಸಿದ್ದೆ. ಅಂದಿನ ಅಚ್ಚಿನಲ್ಲಿ ಮೊದಲ ಅಕ್ಷರಕ್ಕೆ ಗೆರೆ ಜಾಸ್ತಿ. ಆ ಹಳೆ ರೂಪ ಹಾಕಿದ ಮೇಲೆ ಪುಟಗಳು ಸಾಲು ಸಾಲಾಗಿ ಬಂದವು.

ಸುದ್ದಿಗಿಂತ ಜಾಹೀರಾತುಗಳೇ ನನ್ನ ಕೈ ಹಿಡಿದವು. ಸುದ್ದಿಯಲ್ಲಿ ಬರೀ ಊರ ಹೆಸರು ಹೇಳಿ ಬಿಟ್ಟುಬಿಡುತ್ತಾರೆ. ಜಾಹೀರಾತಿನವನಿಗೆ ಗಿರಾಕಿ ಬಾಗಿಲಿಗೆ ಬರಬೇಕು, ಅಲ್ವಾ? ಹಾಗಾಗಿ ಅಂಗಡಿ ಹೆಸರಿನ ಪಕ್ಕದಲ್ಲೇ ಬೀದಿ, ಅದರ ಭಾಗದ ಸಂಖ್ಯೆ, ಟೆಲಿಫೋನ್ ನಂಬರ್ ಎಲ್ಲ ಕೊಡುತ್ತಾನೆ.

ಒಂದು ತಪ್ಪು ಮಾತ್ರ ವಾರಗಟ್ಟಲೆ ಕಾಡಿತು. ಬೆಂತೆನ್‌ಚೋ, ಬ್ಯೊನ್‌ಚೊನ್‌ಜೊಂಗ್ ಎರಡನ್ನೂ ಬೇರೆ ಬೇರೆ ಜಾಗ ಎಂದು ಬರೆದುಕೊಂಡಿದ್ದೆ. ಎರಡೂ ಅವೇ ಮೂರು ಚೀನೀ ಅಕ್ಷರ, ಒಂದು ಜಪಾನಿ ಓದು, ಇನ್ನೊಂದು ಕೊರಿಯನ್ ಓದು. ಊರಿನ ಕಥೆಯೂ ಹಾಗೇ: ಫುಸಾನ್, ಬುಸಾನ್ ಒಂದೇ. ಪತ್ರಿಕೆಯ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಜಪಾನಿ ಭಾಷೆಯ ಫುಸಾನ್ ನಿಪ್ಪೋ ಮತ್ತು ಇವತ್ತಿನ ಬುಸಾನ್ ಇಲ್ಬೋ ಅವೇ ನಾಲ್ಕು ಅಕ್ಷರ. ಆದರೆ ಎರಡನೆಯದು 1946ರಲ್ಲಿ ಶುರುವಾದ ಬೇರೆ ಪತ್ರಿಕೆ. ಹುಡುಕುವಾಗ ಇಸವಿ ಕಟ್ಟಿಹಾಕಲೇಬೇಕು.

ಈಗ ನನ್ನ ಪಟ್ಟಿಯಲ್ಲಿ ಐದು ಕಾಲಂ ಇವೆ: ಅಚ್ಚಾದ ರೂಪ, ಜಪಾನಿ ಓದು, ಕೊರಿಯನ್ ಓದು, ಇಂದಿನ ಹೆಸರು, ಪತ್ರಿಕೆಯ ತಾರೀಖು. ಹಳೆ ಹೆಸರು ಮಿನಾಮಿಹಾಮಾ ಎದುರಿಗೆ ಇಂದಿನ ಹೆಸರು ನಾಂಪೊ. ಹೊನ್‌ಮಾಚಿ ಎದುರು ದೊಂಗ್‌ಗ್ವಾಂಗ್. ಚೊರ್ಯಾಂಗ್ ಸಾಲಿನಲ್ಲಿ ಮಾತ್ರ ಕೊನೆಯ ಬಾಲ (ಬಡಾವಣೆ ಅನ್ನುವ ‘ಚೋ’) ಬದಲಾಗಿದೆ, ಹೆಸರು ಹಾಗೇ ಉಳಿದಿದೆ.