ತುಘಲಕನನ್ನು ಅಜೀಜನ ಕಡೆಯಿಂದ ಓದಿದ್ದು

ಗಿರೀಶ ಕಾರ್ನಾಡರ 'ತುಘಲಕ್' ನಾಟಕ ಓದೋಕೆ ಕೂತವರು ಮೊದಲ ದಿನವೇ ಕೇಳುತ್ತಾರೆ: ಈ ಸುಲ್ತಾನ ಮಹಮ್ಮದ ತುಘಲಕ್ ಒಳ್ಳೆಯವನಾ, ಕೆಟ್ಟವನಾ? ನಾನು ಅದಕ್ಕೆ ಉತ್ತರ ಕೊಡೋಕೆ ಹೋಗುವುದಿಲ್ಲ. ಒಂದು ಉದ್ದನೆಯ ಕಾಗದ ಹಾಸಿ ಮಧ್ಯೆ ಗೆರೆ ಎಳೆಯುತ್ತೇನೆ. ಎಡಗಡೆ ಸುಲ್ತಾನ ಹೊರಡಿಸಿದ ಹುಕುಂಗಳು. ಬಲಗಡೆ, ಆ ಹುಕುಂ ಬಂದಮೇಲೆ ನಾಟಕದ ಮೋಸಗಾರ ಅಜೀಜ ಏನು ಮಾಡಿದ ಅನ್ನೋದು. ಅಷ್ಟೇ.

ಮುಂಬಯಿಯಲ್ಲಿ ನಮ್ಮದೊಂದು ಸಣ್ಣ ಓದಿನ ಗುಂಪು. ಮಾಟುಂಗಾ, ಥಾಣೆ, ಡೊಂಬಿವ್ಲಿ, ಮೀರಾ ರೋಡ್ ಕಡೆಯ ಕನ್ನಡಿಗರು. ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಹೋಟೆಲ್ ಗಲ್ಲೆಯಲ್ಲಿ ಕೂರುವವರಿದ್ದಾರೆ, ಕಾಲೇಜು ಹುಡುಗರೂ ಇದ್ದಾರೆ. ಭಾನುವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದರೆ ಡೊಂಬಿವ್ಲಿಯವರು ಎರಡನೇ ದೃಶ್ಯಕ್ಕೆ ಬಂದು ತಲುಪುತ್ತಾರೆ. ನಾನು ಮೇಷ್ಟ್ರಲ್ಲ. ಹವ್ಯಾಸಿ ನಾಟಕಗಳಿಗೆ ಸೈಡ್ ವಿಂಗಿನಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಾ ಬೆಳೆದವನು. ಪ್ರಾಂಪ್ಟರ್‌ಗೆ ನಟನ ಮುಖ ಸರಿಯಾಗಿ ಕಾಣಿಸುವುದಿಲ್ಲ. ಯಾರು ಬಂದರು, ಯಾರು ಹೋದರು, ಯಾರ ಜತೆ ಯಾರು ಉಳಿದರು ಅನ್ನೋದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಪಾತ್ರ ಅರ್ಥ ಮಾಡಿಕೊಳ್ಳೋಕೆ ನನಗೆ ಇವತ್ತಿಗೂ ಅದೇ ದಾರಿ.

ಗುಣಗಳ ಪಟ್ಟಿ ನಮ್ಮಲ್ಲಿ ಮಾಡುವುದಿಲ್ಲ. 'ಮಹಮ್ಮದ ಆದರ್ಶವಾದಿ, ಬುದ್ಧಿವಂತ, ಕ್ರೂರಿ' ಅಂತ ಪರೀಕ್ಷೆಗೆ ಬರೆಯಬಹುದು. ಬರೆದಮೇಲೆ ನಾಟಕ ಓದುವ ಅಗತ್ಯವೇ ಉಳಿಯಲ್ಲ, ಅಲ್ವಾ?

ಕಾಗದಕ್ಕೆ ಬರೋಣ. ನಾಟಕ ಶುರುವಾಗುವಾಗಲೇ ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೆ ದಾವೆ ಹೂಡಿ ಗೆದ್ದಿದ್ದಾನೆ. ಕಾನೂನಿನ ಮುಂದೆ ರಾಜನೂ ಒಂದೇ, ಪ್ರಜೆಯೂ ಒಂದೇ ಅನ್ನೋದು ಎಡಗಡೆಯ ಮೊದಲ ಸಾಲು. ಬಲಗಡೆ: ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ಅಜೀಜ ಅನ್ನೋ ಅಗಸ. 500 ಬೆಳ್ಳಿ ದಿನಾರು, ಮೇಲೊಂದು ಸರಕಾರಿ ನೌಕರಿ ಹೊಡೆದುಕೊಂಡಿದ್ದಾನೆ. ಮುಂದಿನ ಸಾಲು, ರಾಜಧಾನಿ ದಿಲ್ಲಿಯಿಂದ ದೌಲತಾಬಾದಿಗೆ. ಬಲಗಡೆ: ದಾರಿಯ ಶಿಬಿರದಲ್ಲಿ ಅಜೀಜ ಅಧಿಕಾರಿ. ಕಾಯಿಲೆಯ ಮಗುವನ್ನು ಹಕೀಮನ ಹತ್ತಿರ ಕರೆದೊಯ್ಯಬೇಕು ಅನ್ನೋ ಹೆಂಗಸಿನ ಹತ್ತಿರವೂ ಲಂಚ ಕೇಳುತ್ತಾನೆ. ಆಮೇಲೆ ತಾಮ್ರದ ನಾಣ್ಯಕ್ಕೂ ಬೆಳ್ಳಿಯಷ್ಟೇ ಬೆಲೆ ಅನ್ನೋ ಹುಕುಂ. ಬಲಗಡೆ: ಖೋಟಾ ನಾಣ್ಯದ ದಂಧೆ. ಕೊನೆಗೆ ಸುಲ್ತಾನ ಖಲೀಫರ ವಂಶದ ಘಿಯಾಸುದ್ದೀನನನ್ನು ಕರೆಸುತ್ತಾನೆ. ದಾರಿಯಲ್ಲಿ ಅಜೀಜ ಅವನನ್ನು ಕೊಂದು, ಅವನ ವೇಷದಲ್ಲಿ ತಾನೇ ಬಂದು ನಿಲ್ಲುತ್ತಾನೆ.

ಎರಡೂ ಕಾಲಂ ತುಂಬಿದ ಮೇಲೆ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಗಲಾಟೆ. ಹೋಟೆಲಿನವರು ನಗುತ್ತಾ ಹೇಳಿದರು: 'ಇವನೊಬ್ಬನೇ ಸುಲ್ತಾನನ ಸರ್ಕ್ಯುಲರ್‌ಗಳನ್ನೆಲ್ಲ ಪೂರ್ತಿ ಓದಿರೋನು.' ಸರಿಯಾದ ಮಾತು. ಆಸ್ಥಾನದ ಅಮೀರರಿಗೆ ಸುಲ್ತಾನನ ಮಾತಿನ ಮೇಲೆ ನಂಬಿಕೆ ಇಲ್ಲ. ಜನರಿಗೆ ಅದು ಅರ್ಥವೇ ಆಗುವುದಿಲ್ಲ. ಇತಿಹಾಸಕಾರ ಬರನಿಗೆ ಅದು ನೋವು, ಮಂತ್ರಿ ನಜೀಬನಿಗೆ ಬರೀ ರಾಜಕೀಯ. ಒಂದೊಂದು ಹುಕುಂ ಒಳಗೂ ಹೊಕ್ಕು, ಅಲ್ಲಿ ತನಗೆಷ್ಟು ಜಾಗ ಇದೆ ಅಂತ ನೋಡಿದವನು ಅಜೀಜ ಒಬ್ಬನೇ. ಕೊನೆಯ ದೃಶ್ಯದಲ್ಲಿ ಸಿಕ್ಕಿಬಿದ್ದಾಗ ಅವನು ಅದನ್ನೇ ವಾದ ಮಾಡುತ್ತಾನೆ: ನಿಮ್ಮನ್ನು ನನ್ನಷ್ಟು ನಿಷ್ಠೆಯಿಂದ ಅನುಸರಿಸಿದವರು ಯಾರಿದ್ದಾರೆ? ಸುಲ್ತಾನ ಅವನನ್ನು ಕೊಲ್ಲಿಸುವುದಿಲ್ಲ. ದಖ್ಖನಿನಲ್ಲಿ ಹುದ್ದೆ ಕೊಟ್ಟು ಕಳಿಸುತ್ತಾನೆ.

ನಾಟಕದ ವಸ್ತು ಅಂದ ತಕ್ಷಣ ನೆಹರೂ ಹೆಸರು ಬರುತ್ತದೆ. ನಾಟಕ ಬಂದದ್ದು 1964ರಲ್ಲಿ, ನೆಹರೂ ತೀರಿಕೊಂಡದ್ದೂ ಅದೇ ವರ್ಷ. ಆ ಕಾಲದ ಭ್ರಮನಿರಸನ ನಾಟಕದಲ್ಲಿದೆ ಅನ್ನೋದನ್ನು ನಾನು ಅಲ್ಲಗಳೆಯಲ್ಲ. ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕವರ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಕೊನೆಯವರೆಗೂ ಆ ಮಾತನ್ನು ತಡೆದಿಟ್ಟುಕೊಳ್ಳುತ್ತೇವೆ. ವಸ್ತು ಹುಡುಕೋಕೆ ನಾವು ಮಾಡುವುದು ಬೇರೆ. ನಾಟಕದಲ್ಲಿ ಮತ್ತೆ ಮತ್ತೆ ಬರುವ ಯಾವುದಾದರೂ ಒಂದನ್ನು ಹಿಡಿದು ಅದರ ಹಿಂದೆಯೇ ಹೋಗುತ್ತೇವೆ. ಇಲ್ಲಿ ನಾವು ಹಿಡಿದದ್ದು ನಮಾಜು.

ಮೊದಲ ದೃಶ್ಯದಲ್ಲೇ ಜನ ಅದರ ಬಗ್ಗೆ ಮಾತಾಡುತ್ತಾರೆ. ದಿನಕ್ಕೆ ಐದು ಸಲ ಪ್ರಾರ್ಥನೆ ಕಡ್ಡಾಯ ಮಾಡಿದ ರಾಜ ಇವನು. ಮುಂದೆ ಅಮೀರರು ಇವನನ್ನು ಕೊಲ್ಲಲು ಆರಿಸಿಕೊಳ್ಳುವುದೂ ಪ್ರಾರ್ಥನೆಯ ಹೊತ್ತನ್ನೇ, ಆಗ ಕೈಯಲ್ಲಿ ಆಯುಧ ಇರುವುದಿಲ್ಲ ಅಂತ. ಸಂಚು ಬಯಲಾಗುತ್ತದೆ. ಸಂಚಿನಲ್ಲಿದ್ದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ, ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ವರ್ಷಗಳ ಮೇಲೆ, ಘಿಯಾಸುದ್ದೀನ ಬರುತ್ತಾನೆ ಅಂತ ಪ್ರಾರ್ಥನೆ ಮತ್ತೆ ಶುರು. ಬಂದವನು ಯಾರು? ಅಜೀಜ. ದೇವರಿಗೂ ರಾಜ್ಯಕ್ಕೂ ಏನು ಸಂಬಂಧ ಅಂತ ಪಾಠ ಹೇಳಬೇಕಾಗಿಯೇ ಇಲ್ಲ, ಈ ಸಾಲುಗಳನ್ನು ಒಟ್ಟಿಗೆ ಓದಿದರೆ ಸಾಕು. ಇದೇ ಥರ ಚದುರಂಗ ಹಿಡಿದು ಹೋಗಬಹುದು. ಗುಲಾಬಿ ತೋಟವನ್ನೂ ಹಿಡಿಯಬಹುದು, ಕೊನೆಗೆ ಅಲ್ಲಿ ಖೋಟಾ ನಾಣ್ಯಗಳ ರಾಶಿ ಸುರಿಯುತ್ತಾರೆ. ನಿದ್ದೆಯನ್ನೂ ಹಿಡಿಯಬಹುದು.

ಮುಂಬಯಿಯಲ್ಲಿ ಕೂತು ಈ ನಾಟಕ ಓದುವವರಿಗೆ ಒಂದು ಲಾಭ ಇದೆ. ದೌಲತಾಬಾದು ಹತ್ತಿರ. ದೇವಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವುದರೊಳಗೆ ಔರಂಗಾಬಾದು, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ. ಅಲ್ಲಿಂದ ಕೋಟೆಗೆ ಅರ್ಧ ಗಂಟೆ ದಾರಿ. ಯಾದವರ ದೇವಗಿರಿ ಇದೇ. ನಮ್ಮಲ್ಲಿ ಕೆಲವರು ಹೋಗಿಬಂದೆವು. ಕೋಟೆಯ ಬಂಡೆಯೊಳಗೆ ಕೊರೆದ ಕತ್ತಲ ದಾರಿಯೊಂದಿದೆ, ಅದಕ್ಕೆ ಅಂಧೇರಿ ಅಂತಲೇ ಹೆಸರು. (ನಮಗೆ ಅಂಧೇರಿ ಅಂದರೆ ವೆಸ್ಟರ್ನ್ ಲೈನು, ಅಲ್ಲೂ ಉಸಿರು ಕಟ್ಟುತ್ತದೆ ಅನ್ನಿ.) ಬಾವಲಿ ವಾಸನೆ, ಕಾಲಿಗೆ ಸಿಕ್ಕುವ ಒರಟು ಮೆಟ್ಟಿಲು, ಎಲ್ಲಿ ತಿರುವು ಅಂತ ಗೊತ್ತಾಗುವುದಿಲ್ಲ. ನಾಟಕದಲ್ಲಿ ಕಾವಲುಗಾರ ಕೋಟೆಯೊಳಗಿನ ದಾರಿಯನ್ನು ಟೊಳ್ಳು ಹೆಬ್ಬಾವಿಗೆ ಹೋಲಿಸುತ್ತಾನೆ. ಅದು ಕವಿತ್ವಕ್ಕಾಗಿ ಹಾಕಿದ ಮಾತು ಅಂದುಕೊಂಡಿದ್ದವರು ಒಳಗೆ ಹೋದಮೇಲೆ ಸುಮ್ಮನಾದರು.

ಆ ದೃಶ್ಯವನ್ನು ಕೋಟೆಯ ನೆರಳಲ್ಲೇ ಕೂತು ಓದಿದೆವು. ರಾತ್ರಿ ನಿದ್ದೆ ಬರದೆ ಸುಲ್ತಾನ ಕೋಟೆಯ ಮೇಲೆ ಬರುತ್ತಾನೆ. ಕಾವಲಿನ ಹುಡುಗನನ್ನು ವಯಸ್ಸೆಷ್ಟು ಅಂತ ಕೇಳುತ್ತಾನೆ. ಹತ್ತೊಂಬತ್ತು. ಆಮೇಲೆ ತಾನು ಇಪ್ಪತ್ತೊಂದರಲ್ಲಿ ಇಲ್ಲಿಗೆ ಬಂದಾಗ ಏನೇನು ಕನಸಿತ್ತು ಅಂತ ಅವನಿಗೆ ಹೇಳುತ್ತಾ ಹೋಗುತ್ತಾನೆ. ಹುಡುಗನ ಪಾತ್ರ ಓದಿದ್ದು ನಮ್ಮ ಕಾಲೇಜು ಹುಡುಗ. ಗುಂಪಿನ ಹಿರಿಯರು ಸುಲ್ತಾನನಾಗಿ ಓದುತ್ತಾ ಅವನ ಕಡೆ ತಿರುಗಿ ನಿಜಕ್ಕೂ ಕೇಳಿದ ಹಾಗೆ ವಯಸ್ಸು ಕೇಳಿದರು. ಅವನು ಪುಸ್ತಕ ನೋಡದೆ, ಆಫೀಸಿನಲ್ಲಿ ಸಾಹೇಬರು ಕೇಳಿದಾಗ ಹೇಳುವ ದನಿಯಲ್ಲಿ ಉತ್ತರ ಕೊಟ್ಟ. ಆಮೇಲಿನ ಉದ್ದನೆಯ ಮಾತಿಗೆಲ್ಲ ಅವನದು ಬರೀ ಹೆದರಿದ ಮುಖ.

ಮಂತ್ರಿಗೂ ಬಿಚ್ಚಿ ಹೇಳದ ಮಾತನ್ನು ಸುಲ್ತಾನ ಹೆಸರೂ ಗೊತ್ತಿಲ್ಲದ ಹುಡುಗನ ಮುಂದೆ ಯಾಕೆ ಹೇಳಿದ? ಹುಡುಗನಿಗೆ ಅರ್ಥವಾಗಲ್ಲ ಅನ್ನೋದೇ ಕಾರಣ ಅಂತ ನನ್ನ ಲೆಕ್ಕ. ಪಾತ್ರ ಯಾರ ಮುಂದೆ ಮನಸ್ಸು ಬಿಚ್ಚುತ್ತದೆ ಅನ್ನೋದನ್ನು ಅಲ್ಲಿಂದ ಮೇಲೆ ಬೇರೆ ಪೆನ್ನಿನಲ್ಲಿ ಗುರುತು ಹಾಕತೊಡಗಿದೆವು.

ಸುಲ್ತಾನನ ಮಲತಾಯಿಯ ಪಾತ್ರ ಬಂದಾಗ ಜಗಳ ಜಾಸ್ತಿ. ನಮ್ಮ ಗುಂಪಿನ ಗಂಡಸರು ಅವಳನ್ನು ಬೇಗ ಮುಗಿಸಿಬಿಡುತ್ತಾರೆ. ಥಾಣೆಯವರೊಬ್ಬರು ಬಿಡಲಿಲ್ಲ. ಅವಳು ನಜೀಬನನ್ನು ವಿಷ ಹಾಕಿಸಿ ಕೊಲ್ಲಿಸುತ್ತಾಳೆ, ಸುಲ್ತಾನನನ್ನು ಉಳಿಸೋಕೆ. ಕೇಳಿದಾಗ ತಿರುಗಿ ಹೇಳುತ್ತಾಳೆ: ಅಪ್ಪನನ್ನೂ ತಮ್ಮನನ್ನೂ ಕೊಲ್ಲುವುದಕ್ಕಿಂತ ಇದು ಸುಲಭ. (ಸುಲ್ತಾನನ ಮೇಲೆ ಇರುವ ಆರೋಪವೇ ಅದು.) ಅವಳಿಗೆ ಕಲ್ಲೇಟಿನ ಮರಣ, ಅಜೀಜನಿಗೆ ಹುದ್ದೆ! ಇಬ್ಬರೂ ಕಲಿತದ್ದು ಸುಲ್ತಾನನಿಂದಲೇ. ಹಾಗಾದರೆ ಒಬ್ಬರಿಗೆ ಯಾಕೆ ಕ್ಷಮೆ ಇಲ್ಲ? ಹತ್ತಿರದವಳು ಅಂತ ಅನ್ನುತ್ತಾರೆ ಕೆಲವರು. ಅವಳು ಸುಲ್ತಾನನ ಪ್ರತಿಬಿಂಬ ಆಗಿದ್ದಳು, ಅಜೀಜ ಸುಲ್ತಾನನ ವ್ಯಂಗ್ಯಚಿತ್ರ, ವ್ಯಂಗ್ಯಚಿತ್ರ ನೋಡಿ ನಗಬಹುದು ಅಂತ ಥಾಣೆಯವರ ವಾದ. ನನಗೆ ಅದೇ ಹಿಡಿಸಿತು. ಹೋಟೆಲಿನವರು ಇನ್ನೂ ಒಪ್ಪಿಲ್ಲ.

ಮುಂದಿನ ಓದು ಕಾರ್ನಾಡರದೇ 'ತಲೆದಂಡ'. ಬಸವಣ್ಣನ ಮಾತು ಒಂದು ಕಡೆ, ಶರಣರು ಮಾಡಿದ್ದು ಇನ್ನೊಂದು ಕಡೆ ಅಂತ ಕಾಗದ ಹಾಸಿದೆವು. ಎರಡು ಕಾಲಂ ಸಾಲಲಿಲ್ಲ. ಬಿಜ್ಜಳನ ಮಗ ಸೋವಿದೇವನಿಗೆ ಅಂತಲೇ ಮೂರನೆಯದು ಎಳೆದಿದ್ದೇವೆ, ಅದೇ ಎಲ್ಲಕ್ಕಿಂತ ಬೇಗ ತುಂಬುತ್ತಿದೆ.